ಆಕಾಶದ ಬೆಳಕಿಗೆ ಇಬ್ಬರು ಸಾಕ್ಷಿ ಬೇಕು

1981ರ ಜುಲೈ 24ರ ರಾತ್ರಿ. ನೈಋತ್ಯ ಚೀನಾದ ಸಿಚುವಾನ್ ಮತ್ತು ಸುತ್ತಲಿನ ಪ್ರಾಂತ್ಯಗಳ ಜನ ತಲೆಯೆತ್ತಿ ನಿಂತುಬಿಟ್ಟರು. ಚಕ್ಕುಲಿಯಂತೆ ಸುರುಳಿ ಸುತ್ತಿದ ಬೆಳಕೊಂದು ಆಕಾಶದಲ್ಲಿ ತೇಲುತ್ತಿತ್ತು.

ಇಂಥದ್ದನ್ನು ಕಂಡವರು ‘ಅಗೋ, ಆ ಗುಡ್ಡದ ಮೇಲೇ ಇತ್ತು’ ಎನ್ನುವುದುಂಟು. ಅವರು ಸುಳ್ಳು ಹೇಳುತ್ತಿರುವುದಿಲ್ಲ. ಕತ್ತಲಲ್ಲಿ ನಮ್ಮ ಕಣ್ಣು ದಿಕ್ಕನ್ನು ಹೇಳಬಲ್ಲದು, ದೂರವನ್ನು ಹೇಳಲಾರದು. ಒಂದು ಕಿ.ಮೀ. ದೂರದ ಗಾಳಿಪಟದ ದೀಪಕ್ಕೂ ಕೋಟ್ಯಂತರ ಕಿ.ಮೀ. ಆಚೆಯ ಶುಕ್ರಗ್ರಹಕ್ಕೂ ಕಣ್ಣಿನ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ. ದೂರ ತಿಳಿಯದೆ ಗಾತ್ರವೂ ವೇಗವೂ ತಿಳಿಯುವುದಿಲ್ಲ. ಬೇರೆ ಬೇರೆ ಊರಿನ ಇಬ್ಬರು ದಿಕ್ಕು ಹೇಳಿದರೆ ಮಾತ್ರ ದೂರ ಸಿಗುತ್ತದೆ. ಹಾಗಾಗಿ ಇಂಥ ಬೆಳಕಿನ ಪತ್ತೆಯಲ್ಲಿ ಪರಸ್ಪರ ಸಹಕಾರವೇ ಮುಖ್ಯ ಉಪಕರಣ.

1980ರ ಹೊತ್ತಿಗೆ ಚೀನಾದ ವುಹಾನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಇಂಥ ಗುರುತು ಸಿಗದ ಬೆಳಕುಗಳ ಅಧ್ಯಯನಕ್ಕೆ ಕಟ್ಟಿದ ಆಸಕ್ತರ ಕೂಟ ಮುಂದೆ ದೇಶದ ತುಂಬ ಹರಡಿತು. 1981ರಲ್ಲಿ ಲಾನ್‌ಜೌ ನಗರದಿಂದ ‘ಫೇಡಿಯೆ ತಾನ್ಸುವೊ’ ಎಂಬ ಪತ್ರಿಕೆ ಹೊರಟಿತು. ‘ಫೇಡಿಯೆ’ ಎಂದರೆ ನಮ್ಮ ‘ಹಾರುವ ತಟ್ಟೆ’ಯೇ. ನಾನ್‌ಜಿಂಗ್‌ನ ಪರ್ಪಲ್ ಮೌಂಟನ್ ವೀಕ್ಷಣಾಲಯದ ಖಗೋಳ ವಿಜ್ಞಾನಿ ವಾಂಗ್ ಸಿಚಾವ್ ಇಂಥ ವರದಿಗಳನ್ನು ದಶಕಗಳ ಕಾಲ ಅಭ್ಯಸಿಸಿದರು.

ಇಬ್ಬರ ವರದಿಯಿಂದ ಎತ್ತರ ತಿಳಿಯುವ ಲೆಕ್ಕ ಹೀಗೆ. ನೈಋತ್ಯ ಚೀನಾದ ಚೆಂಗ್ಡು ನಗರದಿಂದ ಅಲ್ಲಿಯದೇ ಇನ್ನೊಂದು ನಗರ ಚಾಂಗ್‌ಚಿಂಗ್‌ಗೆ ನೇರ ದೂರ ಸುಮಾರು 270 ಕಿ.ಮೀ. ಒಂದೇ ಗಳಿಗೆಯಲ್ಲಿ ಬೆಳಕು ಚೆಂಗ್ಡುವಿನವನಿಗೆ ನೆತ್ತಿಯ ಮೇಲೆ, ಚಾಂಗ್‌ಚಿಂಗ್‌ನವಳಿಗೆ 45 ಡಿಗ್ರಿ ಎತ್ತರದಲ್ಲಿ ಕಂಡಿತೆನ್ನಿ. ಆಗ ಅದರ ಎತ್ತರವೂ ಸುಮಾರು 270 ಕಿ.ಮೀ. ಅದು ವಿಮಾನವಲ್ಲ, ಚೆಂಗ್ಡುವಿನ ಮೇಲೆ 10 ಕಿ.ಮೀ. ಎತ್ತರದಲ್ಲಿ ಹಾರುವ ವಿಮಾನ ಚಾಂಗ್‌ಚಿಂಗ್‌ನಿಂದ ನೋಡಿದರೆ ದಿಗಂತಕ್ಕೆ ಅಂಟಿಕೊಂಡಂತೆ ಕಾಣುತ್ತದೆ. ‘ಒಂದೇ ಗಳಿಗೆ’ ಎಂಬುದು ಇಲ್ಲಿ ಮುಖ್ಯ. ಇಡೀ ಚೀನಾಕ್ಕೆ ಒಂದೇ ಗಡಿಯಾರ, ಬೀಜಿಂಗ್ ಸಮಯ ಇರುವುದರಿಂದ ಸಾವಿರಾರು ಕಿ.ಮೀ. ಅಂತರದ ವರದಿಗಳನ್ನೂ ನೇರವಾಗಿ ಪಕ್ಕಪಕ್ಕ ಇಡಬಹುದು.

ಕೋನ ಅಳೆಯಲು ಯಂತ್ರ ಬೇಕಿಲ್ಲ. ಕೈ ನೀಡಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ, ಕಿರುಬೆರಳಿನದು ಒಂದು ಡಿಗ್ರಿ. ದಿಗಂತದಿಂದ ಎಷ್ಟು ಮುಷ್ಟಿ ಮೇಲೆ, ಯಾವ ದಿಕ್ಕು, ಎಷ್ಟು ಹೊತ್ತಿಗೆ: ಈ ಮೂರು ಬರೆದಿಟ್ಟ ವರದಿ, ‘ಅದ್ಭುತ, ಭಯಾನಕ’ ಎಂದು ಮೂರು ಪುಟ ತುಂಬಿದ್ದಕ್ಕಿಂತ ಮೇಲು.

ಎತ್ತರ ತಿಳಿದ ಮೇಲೆ ಜರಡಿ ಹಿಡಿಯುವುದು ಸುಲಭ. ನೂರಾರು ಕಿ.ಮೀ. ಎತ್ತರವಿದ್ದರೆ ಮೊದಲು ರಾಕೆಟ್ ಉಡಾವಣೆಯ ಪಟ್ಟಿ ನೋಡಬೇಕು. ತಿರುಗುತ್ತಿರುವ ರಾಕೆಟ್ ಅನಿಲ ಕಾರಿದರೆ ಸುರುಳಿ ಮೂಡುತ್ತದೆ. ನೆಲದಲ್ಲಿ ಕತ್ತಲಾಗಿದ್ದರೂ ಅಷ್ಟೆತ್ತರದಲ್ಲಿ ಬಿಸಿಲು ಇರುವುದರಿಂದ ಅದು ಹೊಳೆಯುತ್ತದೆ. 2009ರ ಡಿಸೆಂಬರ್‌ನಲ್ಲಿ ನಾರ್ವೆಯ ಆಕಾಶದಲ್ಲಿ ಕಂಡ ದೊಡ್ಡ ಸುರುಳಿ, ವಿಫಲವಾದ ರಷ್ಯದ ಬುಲಾವಾ ಕ್ಷಿಪಣಿಯದು.

ಇಂಥ ಬೆಳಕುಗಳ ಪತ್ತೆ ಈಗ ಬರೀ ಹವ್ಯಾಸವಲ್ಲ. 2010ರ ಜುಲೈ 7ರಂದು ಗುರುತು ಸಿಗದ ವಸ್ತುವಿನಿಂದಾಗಿ ಚೀನಾದ ಹಾಂಗ್‌ಜೌ ವಿಮಾನ ನಿಲ್ದಾಣ ಸುಮಾರು ಒಂದು ಗಂಟೆ ಸ್ತಬ್ಧವಾಗಿತ್ತು. ಡ್ರೋನ್‌ಗಳು ಹೆಚ್ಚಿದಂತೆ ಚೀನಾದ ಸೇನೆಯೂ ಇಂಥ ವರದಿಗಳನ್ನು ಒಟ್ಟುಗೂಡಿಸಿ ಕೃತಕ ಬುದ್ಧಿಮತ್ತೆಯಿಂದ ವಿಂಗಡಿಸಲು ಹೊರಟಿದೆ ಎಂದು 2021ರಲ್ಲಿ ಸುದ್ದಿಯಾಯಿತು.

ಕಣ್ಣಿಗೆ ದೂರ ತಿಳಿಯದೆಂಬ ಪಾಠ ಗಡಿಯ ಈಚೆ ಭಾರತದಲ್ಲೂ ಸಿಕ್ಕಿದೆ. 2012ರ ಆಗಸ್ಟ್‌ನಿಂದ 2013ರ ಫೆಬ್ರುವರಿವರೆಗೆ ಲಡಾಖ್‌ನ ಗಡಿ ಸರೋವರದ ಮೇಲೆ ನಮ್ಮ ಸೈನಿಕರು 329 ಸಲ ವಿಚಿತ್ರ ಬೆಳಕು ಕಂಡು, ಚೀನಾದ ಡ್ರೋನ್ ಇರಬಹುದೆಂದು ಶಂಕಿಸಿದರು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ವಿಜ್ಞಾನಿಗಳು ಪರಿಶೀಲಿಸಿ ಹೇಳಿದ ಹೆಸರುಗಳು: ಗುರು ಮತ್ತು ಶುಕ್ರ.

ಹಾಗಾಗಿ ವಿಚಿತ್ರ ಬೆಳಕು ಕಂಡಾಗ ವಿಡಿಯೊ ಹಂಚುವ ಮೊದಲು ಪಕ್ಕದ ಜಿಲ್ಲೆಯ ಗೆಳೆಯರಿಗೊಂದು ಫೋನ್ ಮಾಡಿ. ‘ಯಾವ ದಿಕ್ಕು, ಎಷ್ಟು ಮುಷ್ಟಿ?’ ಎಂದು ಕೇಳಿ. ಅವರ ಉತ್ತರ ಬೇರೆಯಾಗಿದ್ದರೆ ಎತ್ತರದ ಲೆಕ್ಕ ಹಾಕಬಹುದು. ನಿಮ್ಮದೇ ಉತ್ತರ ಅವರದೂ ಆಗಿದ್ದರೆ, ಅದು ನಿಮ್ಮಿಬ್ಬರಿಗೂ ಬಹಳ ಬಹಳ ದೂರ, ಬಹುಶಃ ಶುಕ್ರ.