ಗುಡುಗು-ಸಿಡಿಲಿನ ಮಳೆ: ದಂಪತಿಗಳು ಮೊದಲೇ ಯೋಚಿಸಬೇಕಾದ ಸಂಗತಿಗಳು

ಬೇಸಿಗೆಯ ಕೊನೆಯಲ್ಲಿ ಭರಣಿ, ಕೃತ್ತಿಕೆ, ರೋಹಿಣಿ ಮಳೆಗಳಿಗಾಗಿ ಆಕಾಶದ ಕಡೆಗೆ ನೋಡುವುದು ಹುಬ್ಬಳ್ಳಿ-ಧಾರವಾಡ ಸೀಮೆಯ ರೈತರ ವಾಡಿಕೆ. ಈ ಮಳೆಯಿಂದ ಭೂಮಿಗೆ ಹದ ಬರುತ್ತದೆ, ದನಕರುಗಳಿಗೆ ನೀರಾಗುತ್ತದೆ. ಆದರೆ ಇದೇ ಮಳೆಯು ಸಿಡಿಲನ್ನೂ ಬಿರುಗಾಳಿಯನ್ನೂ ಜೊತೆಗೆ ತರುತ್ತದೆ. ಊರಿನ ದಾರಿಯನ್ನು ಕಡಿದುಹಾಕುವುದೂ ಉಂಟು. ಹೊಲದಲ್ಲಿ ದುಡಿಯುವವರಿಗೂ ಮನೆಯಲ್ಲಿರುವ ಗರ್ಭಿಣಿಗೂ ಆಗ ಅಪಾಯ ತಪ್ಪಿದ್ದಲ್ಲ. ಮಳೆ ಬಂದ ಮೇಲೆ ಯೋಚಿಸಲು ಸಮಯವಿರುವುದಿಲ್ಲ. ಆದುದರಿಂದ ಪತಿ-ಪತ್ನಿಯರು ಮೊದಲೇ ಕುಳಿತು ವಿಚಾರ ಮಾಡುವುದು ಅವಶ್ಯಕ.

ಈ ಮಳೆ ಹೇಗೆ ಬರುತ್ತದೆ?

ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ನೆಲವು ಕಾದು, ಅದರ ಮೇಲಿನ ಗಾಳಿಯು ಬಿಸಿಯಾಗಿ ಮೇಲಕ್ಕೇರುತ್ತದೆ. ಅರಬ್ಬೀ ಸಮುದ್ರದಿಂದ ಸಹ್ಯಾದ್ರಿಯನ್ನು ದಾಟಿ ಬರುವ ತೇವದ ಗಾಳಿಯು ಇದರೊಡನೆ ಸೇರಿದಾಗ ಎತ್ತರವಾದ ಕಪ್ಪು ಮೋಡಗಳು ಕಟ್ಟುತ್ತವೆ. ಬೆಳಿಗ್ಗೆ ನಿರ್ಮಲವಾಗಿದ್ದ ಆಕಾಶವು ಮಧ್ಯಾಹ್ನದ ಮೇಲೆ ಕವಿದುಕೊಂಡು, ಸಂಜೆಯ ಹೊತ್ತಿಗೆ ಗುಡುಗತೊಡಗುವುದು ಇದೇ ಕಾರಣದಿಂದ. ಹೊಲದ ಭಾರವಾದ ಕೆಲಸಗಳನ್ನು ಈ ದಿನಗಳಲ್ಲಿ ಮುಂಜಾನೆಯೇ ಮುಗಿಸುವುದು ಲೇಸು.

ಸಿಡಿಲಿನಿಂದ ರಕ್ಷಣೆ

ನವಲಗುಂದ, ಅಣ್ಣಿಗೇರಿ, ಕುಂದಗೋಳ ಕಡೆಯ ಎರೆಭೂಮಿಯು ಬಯಲು ಪ್ರದೇಶ, ಮರಗಳು ವಿರಳ. ಇಂತಹ ಹೊಲದಲ್ಲಿ ನಿಂತ ಮನುಷ್ಯನೇ ಸುತ್ತಲಿನ ಎಲ್ಲಕ್ಕಿಂತ ಎತ್ತರದ ವಸ್ತುವಾಗುತ್ತಾನೆ. ಹಾಗೆಂದು ಒಂಟಿ ಮರದ ಕೆಳಗೆ ಓಡುವುದು ಇನ್ನೂ ಅಪಾಯಕರ.

ಮಿಂಚು ಕಂಡೊಡನೆ ಎಣಿಸಲು ಆರಂಭಿಸಿರಿ. ಗುಡುಗಿನ ಶಬ್ದವು ಒಂದು ಕಿಲೋಮೀಟರು ದಾಟಲು ಸುಮಾರು 3 ಸೆಕೆಂಡು ಬೇಕು. 30 ಎಣಿಸುವುದರೊಳಗೆ ಗುಡುಗು ಕೇಳಿಸಿದರೆ ಸಿಡಿಲು 10 ಕಿಲೋಮೀಟರಿಗಿಂತ ಸಮೀಪದಲ್ಲಿದೆ ಎಂದು ತಿಳಿಯಿರಿ. ಕೂಡಲೇ ಕೆಲಸ ನಿಲ್ಲಿಸಿ ಗಟ್ಟಿಯಾದ ಮನೆಯೊಳಗೆ ಹೋಗಿರಿ. ಹೊಲದಲ್ಲಿನ ತೆರೆದ ಚಪ್ಪರ, ಟ್ರ್ಯಾಕ್ಟರು, ಮೋಟಾರು ಸೈಕಲ್ಲುಗಳು ರಕ್ಷಣೆ ಕೊಡಲಾರವು. ಕೊನೆಯ ಗುಡುಗು ಕೇಳಿದ ಮೇಲೆ 30 ನಿಮಿಷ ಕಳೆಯುವವರೆಗೆ ಹೊರಗೆ ಹೋಗಬೇಡಿರಿ.

ಸಿಡಿಲು ಬಡಿದವರನ್ನು ಮುಟ್ಟಿದರೆ ತಮಗೂ ಆಘಾತವಾದೀತೆಂಬ ಭಯ ಕೆಲವರಲ್ಲಿ ಇದೆ. ಇದು ತಪ್ಪು ತಿಳುವಳಿಕೆ. ಅವರ ಮೈಯಲ್ಲಿ ವಿದ್ಯುತ್ತು ಉಳಿದಿರುವುದಿಲ್ಲ. ಉಸಿರಾಟ ನಿಂತಿದ್ದರೆ ಎದೆಯ ಮಧ್ಯಭಾಗವನ್ನು ನಿಮಿಷಕ್ಕೆ 100ರಿಂದ 120 ಸಲ ಬಲವಾಗಿ ಒತ್ತುತ್ತಿರಬೇಕು. ಇನ್ನೊಬ್ಬರು 108ಕ್ಕೆ ಕರೆ ಮಾಡಬೇಕು. ಆ ಕೆಲವು ನಿಮಿಷಗಳಲ್ಲಿ ಒಂದು ಜೀವ ಉಳಿಯಬಹುದು.

ಗರ್ಭಿಣಿಯಿರುವ ಮನೆ

2019ರ ಆಗಸ್ಟ್ ತಿಂಗಳಿನ ಭಾರೀ ಮಳೆಯಲ್ಲಿ ಬೆಣ್ಣೆಹಳ್ಳ, ತುಪ್ಪರಿಹಳ್ಳಗಳು ಉಕ್ಕಿ ಹರಿದು ಹೊಲ ಮತ್ತು ರಸ್ತೆಗಳು ಜಲಾವೃತವಾದುದನ್ನು ಈ ಭಾಗದ ಜನ ಕಂಡಿದ್ದಾರೆ. ಬೇಸಿಗೆಯಲ್ಲಿ ಒಣಗಿದ ಹಳ್ಳವೂ ಒಂದು ಸಂಜೆಯ ಜೋರು ಮಳೆಗೆ ತುಂಬಬಹುದು. ಮಳೆಯು ನಿಮ್ಮ ಊರಿನಲ್ಲಿಯೇ ಬೀಳಬೇಕೆಂದಿಲ್ಲ. ಮೇಲಿನ ಊರುಗಳಲ್ಲಿ ಬಿದ್ದರೂ ಸಾಕು. ಎರೆಮಣ್ಣಿನ ಕಚ್ಚಾ ದಾರಿಯಲ್ಲಿ ಗಾಡಿಯ ಗಾಲಿಗಳು ಹೂತುಹೋಗುತ್ತವೆ. ಹೆರಿಗೆ ನೋವು ಮಾತ್ರ ದಾರಿಗಾಗಿ ಕಾಯುವುದಿಲ್ಲ.

ಆದುದರಿಂದ ತಾಯಿ ಕಾರ್ಡಿನಲ್ಲಿ ಬರೆದಿರುವ ಹೆರಿಗೆಯ ದಿನಾಂಕವನ್ನು ಪತಿಯೂ ತಿಳಿದಿರಬೇಕು. ಆ ದಿನವು ಮಳೆಯ ತಿಂಗಳುಗಳಲ್ಲಿ ಬರುವುದಾದರೆ, ಮತ್ತು ಊರಿಗೂ ಆಸ್ಪತ್ರೆಗೂ ನಡುವೆ ಹಳ್ಳವಿದ್ದರೆ, ಒಂದೆರಡು ವಾರ ಮೊದಲೇ ಆಸ್ಪತ್ರೆಗೆ ಹತ್ತಿರದ ಬಂಧುಗಳ ಮನೆಗೆ ಗರ್ಭಿಣಿಯನ್ನು ಕರೆದೊಯ್ಯಿರಿ. ಹೆರಿಗೆಗೆ ತವರಿಗೆ ಕಳುಹಿಸುವವರು ತವರೂರಿನ ದಾರಿಯನ್ನೂ ವಿಚಾರಿಸಿಕೊಳ್ಳಬೇಕು. ರಕ್ತಹೀನತೆ, ರಕ್ತದೊತ್ತಡ ಅಥವಾ ಹಿಂದೆ ಶಸ್ತ್ರಚಿಕಿತ್ಸೆಯ ಹೆರಿಗೆ ಆಗಿದ್ದವರು ಎಲ್ಲಿ ಹೆರಿಗೆ ಮಾಡಿಸಿಕೊಳ್ಳಬೇಕೆಂಬುದನ್ನು ವೈದ್ಯರನ್ನು ಕೇಳಿ ಮೊದಲೇ ನಿರ್ಧರಿಸಬೇಕು.

ರಕ್ತಸ್ರಾವ, ನೀರು ಹೋಗುವುದು, ತೀವ್ರ ತಲೆನೋವಿನೊಡನೆ ಕಣ್ಣು ಮಂಜಾಗುವುದು, ಫಿಟ್ಸ್, ಮಗುವಿನ ಚಲನೆ ಕಡಿಮೆಯಾಗುವುದು: ಇವುಗಳಲ್ಲಿ ಒಂದು ಕಂಡರೂ ಮಳೆ ನಿಲ್ಲಲೆಂದು ಕಾಯದೆ 108ಕ್ಕೂ ಆಶಾ ಕಾರ್ಯಕರ್ತೆಗೂ ತಿಳಿಸಿರಿ. ಆದರೆ ಉಕ್ಕುವ ಹಳ್ಳವನ್ನು ದಾಟುವ ಸಾಹಸ ಬೇಡ. ಮೊಣಕಾಲು ಮುಟ್ಟುವಷ್ಟು ಹರಿಯುವ ನೀರು ದೃಢಕಾಯರನ್ನೂ ಕೆಡವಬಲ್ಲದು. ಸುತ್ತಿನ ದಾರಿ ಯಾವುದೆಂಬುದನ್ನು ಇಂದೇ ಗೊತ್ತುಮಾಡಿಕೊಂಡಿರಿ.

ಮಕ್ಕಳ ನಡುವಿನ ಅಂತರ

ದಾರಿ ಕಡಿದುಹೋಯಿತೆಂದು ಸಂತಾನ ನಿಯಂತ್ರಣದ ಸಾಧನಗಳು ತಪ್ಪಬಾರದು. ನುಂಗುವ ಮಾತ್ರೆಗಳನ್ನಾಗಲಿ ನಿರೋಧ್ ಅನ್ನಾಗಲಿ ಬಳಸುವವರು ಒಂದು ತಿಂಗಳಿಗೆ ಹೆಚ್ಚಿನದನ್ನು ಆಶಾ ಕಾರ್ಯಕರ್ತೆಯಿಂದ ಪಡೆದು ತೇವ ತಾಗದಂತೆ ಇಟ್ಟುಕೊಳ್ಳಿರಿ. ಮೂರು ತಿಂಗಳಿಗೊಮ್ಮೆ ಅಂತರಾ ಚುಚ್ಚುಮದ್ದು ಪಡೆಯುವವರು ಮಳೆಯ ಸೂಚನೆ ಇದ್ದಲ್ಲಿ ಗೊತ್ತಾದ ದಿನಕ್ಕಿಂತ ಎರಡು ವಾರ ಮೊದಲೂ ಅದನ್ನು ಹಾಕಿಸಿಕೊಳ್ಳಬಹುದು.

ಕುಡಿಯುವ ನೀರು

ಮೊದಲ ಮಳೆಯು ಊರಿನ ಹೊಲಸನ್ನೆಲ್ಲ ಕೆರೆ-ಬಾವಿಗಳಿಗೆ ಕೊಚ್ಚಿ ತರುತ್ತದೆ. ನೀರನ್ನು ಕುದಿಸಿ ಆರಿಸಿ ಕುಡಿಯಿರಿ. ಮಗುವಿಗೆ ಭೇದಿಯಾದರೆ ಓ.ಆರ್.ಎಸ್. ಪೊಟ್ಟಣವನ್ನು, ಅದರ ಮೇಲೆ ಬರೆದಿರುವಷ್ಟೇ ಶುದ್ಧ ನೀರಿನಲ್ಲಿ ಕರಗಿಸಿ ಕುಡಿಸಿರಿ. ಎದೆಹಾಲನ್ನು ನಿಲ್ಲಿಸಬೇಡಿರಿ.

ಇಂದು ಸಂಜೆ ದೀಪ ಹಚ್ಚಿದ ಮೇಲೆ ಇಬ್ಬರೂ ಕುಳಿತು ಮಾತನಾಡಿರಿ. ಯಾವ ಆಸ್ಪತ್ರೆ? ಯಾವ ದಾರಿ? ಯಾರ ವಾಹನ? ಮನೆಯಲ್ಲಿರುವ ಮಕ್ಕಳನ್ನು ನೋಡಿಕೊಳ್ಳುವವರು ಯಾರು? ಉತ್ತರಗಳನ್ನು ತಾಯಿ ಕಾರ್ಡಿನೊಡನೆ ಬರೆದಿಡಿರಿ. ಮಳೆಯನ್ನು ತಡೆಯುವುದು ಯಾರ ಕೈಯಲ್ಲಿಯೂ ಇಲ್ಲ. ಮೊದಲೇ ಸಿದ್ಧರಾಗಿರುವುದು ನಿಮ್ಮಿಬ್ಬರ ಕೈಯಲ್ಲಿದೆ.