ನಾಯಿಯ ವೀರಗಲ್ಲಿನ ಕಥೆ ಹೇಳುವವರಾರು? ವಸ್ತುಸಂಗ್ರಹಾಲಯದಲ್ಲಿ ತಂತ್ರಜ್ಞಾನದ ಕೆಲಸ

ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿರುವ ಸರಕಾರಿ ವಸ್ತುಸಂಗ್ರಹಾಲಯ ಸ್ಥಾಪನೆಯಾದದ್ದು 1865ರಲ್ಲಿ. ಅದರ ಸಂಗ್ರಹದಲ್ಲೊಂದು ವಿಚಿತ್ರ ವೀರಗಲ್ಲಿದೆ. ಕಲ್ಲಿನ ಮೇಲೆ ಕೆತ್ತಿರುವುದು ಖಡ್ಗ ಹಿಡಿದ ವೀರನನ್ನಲ್ಲ, ಕಾಡುಹಂದಿಯೊಡನೆ ಸೆಣಸುತ್ತಿರುವ ನಾಯಿಯನ್ನು! ಚಿತ್ರ ಎಲ್ಲರಿಗೂ ಕಾಣುತ್ತದೆ. ಆದರೆ ಅಲ್ಲಿನ ಹಳಗನ್ನಡ ಅಕ್ಷರಗಳನ್ನು ಓದಿ ಅರ್ಥ ಮಾಡಿಕೊಳ್ಳಬಲ್ಲವರು ಬೆರಳೆಣಿಕೆಯಷ್ಟು ಮಂದಿ.

ಮಂಡ್ಯ ಜಿಲ್ಲೆಯ ಮದ್ದೂರು ತಾಲೂಕಿನ ಆತಕೂರಿನಿಂದ ಬಂದ ಈ ಶಾಸನದ ಕಾಲ ಕ್ರಿ.ಶ. 949-50. ರಾಷ್ಟ್ರಕೂಟ ಚಕ್ರವರ್ತಿ ಮೂರನೆಯ ಕೃಷ್ಣನ ಪರವಾಗಿ ಗಂಗ ದೊರೆ ಇಮ್ಮಡಿ ಬೂತುಗ ತಕ್ಕೋಲದ ಯುದ್ಧದಲ್ಲಿ ಕಾದಿದ್ದ. ಚೋಳ ರಾಜಕುಮಾರ ರಾಜಾದಿತ್ಯ ಆ ಯುದ್ಧದಲ್ಲಿ ಹತನಾದ. ಬೂತುಗನ ಸೇವಕ ಮಣಲೇರನ ಶೌರ್ಯಕ್ಕೆ ಮೆಚ್ಚಿ ಬೇಡಿದ್ದನ್ನು ಕೊಡುವುದಾಗಿ ಒಡೆಯ ಹೇಳಿದಾಗ, ಆತ ಕೇಳಿದ್ದು 'ಕಾಳಿ' ಎಂಬ ಬೇಟೆನಾಯಿಯನ್ನು. ಮುಂದೆ ಆ ನಾಯಿ ದೊಡ್ಡದೊಂದು ಹಂದಿಯೊಡನೆ ಹೋರಾಡಿ, ಎರಡೂ ಸತ್ತವು. ಮಣಲೇರ ಅದರ ನೆನಪಿಗೆ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲು ನೆಡಿಸಿ ಭೂದಾನ ಮಾಡಿದ. ಕಲ್ಲಿಗೆ ಪೂಜೆ ಸಲ್ಲಿಸದೆ ಊಟ ಮಾಡಿದ ಗೊರವನಿಗೆ ನಾಯಿಯ ಪಾಪ ಸುತ್ತಿಕೊಳ್ಳುವುದೆಂಬ ಎಚ್ಚರಿಕೆಯೂ ಶಾಸನದಲ್ಲಿದೆ.

ಇಷ್ಟೆಲ್ಲವನ್ನೂ ಒಂದು ಪುಟ್ಟ ಫಲಕದಲ್ಲಿ ಹೇಳಲು ಸಾಧ್ಯವೇ? ಇಲ್ಲಿಯೇ ಆಧುನಿಕ ತಂತ್ರಜ್ಞಾನದ ಪ್ರಶ್ನೆ ಎದುರಾಗುವುದು.

ಹಿಂದಿನಿಂದಲೂ ಶಾಸನತಜ್ಞರು ಬಳಸುತ್ತಿದ್ದುದು ಪಡಿಯಚ್ಚಿನ ವಿಧಾನ. ತೊಯ್ದ ಕಾಗದವನ್ನು ಕಲ್ಲಿನ ಮೇಲೆ ಹೊದಿಸಿ, ಕುಂಚದಿಂದ ಬಡಿದು, ಶಾಯಿ ಬಳಿದರೆ ಅಕ್ಷರಗಳು ಬಿಳಿಯಾಗಿ ಮೂಡುತ್ತವೆ. ಕಲ್ಲು ಸವೆದಿದ್ದರೆ ಈ ವಿಧಾನ ಸೋಲುವುದುಂಟು. ತ್ರೀಡಿ ಸ್ಕ್ಯಾನರ್ ಕಲ್ಲಿನ ಮೇಲ್ಮೈಯ ಏರಿಳಿತಗಳನ್ನು ಮಿಲಿಮೀಟರ್‌ಗಿಂತ ಸೂಕ್ಷ್ಮವಾಗಿ, ಲಕ್ಷಾಂತರ ಬಿಂದುಗಳಲ್ಲಿ ಅಳೆಯುತ್ತದೆ. ಹೀಗೆ ಸಿದ್ಧವಾದ ಮಾದರಿಯಿಂದ ಕಲ್ಲಿನ ಬಣ್ಣ, ಕಲೆಗಳನ್ನು ಅಳಿಸಬಹುದು. ಯಾವ ಓರೆಯಿಂದ ಬೇಕಾದರೂ ಬೆಳಕು ಚೆಲ್ಲಬಹುದು. ಬರಿಗಣ್ಣಿಗೆ ಬರೀ ಒರಟಾಗಿ ಕಂಡ ಜಾಗದಲ್ಲಿ ಆಗ ಅಕ್ಷರದ ಗೀಟು ಗೋಚರಿಸುವುದುಂಟು.

ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಲ್ಲಿ ಈ ಭಾಗದ ಶಾಸನಗಳ ತ್ರೀಡಿ ದಾಖಲೀಕರಣ ಆರಂಭಿಸಿತು. 2018ರಲ್ಲಿ ಹೆಬ್ಬಾಳದಲ್ಲಿ ಬೆಳಕಿಗೆ ಬಂದ, ಸುಮಾರು ಕ್ರಿ.ಶ. 750ರ ಕಿತ್ತಯ್ಯನ ವೀರಗಲ್ಲೂ ಹೀಗೆ ಸ್ಕ್ಯಾನ್ ಆಗಿದೆ. ಬಿ.ಎಲ್. ರೈಸ್ ಅವರು ಬೆಂಗಳೂರು ಜಿಲ್ಲೆಯ ಶಾಸನಗಳನ್ನು 1905ರಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕಾ'ದಲ್ಲಿ ಪ್ರಕಟಿಸಿದ್ದರು. ಅವುಗಳಲ್ಲಿ ಎಷ್ಟೋ ಕಲ್ಲುಗಳು ನಗರ ಬೆಳೆದಂತೆ ರಸ್ತೆ, ಕಟ್ಟಡಗಳ ಪಾಲಾಗಿವೆ. ಇಂಥ ಊರಿನಲ್ಲಿ ಸ್ಕ್ಯಾನ್ ಮಾಡುವುದನ್ನು ಷೋಕಿಯೆನ್ನಲಾಗದು. ಕೆಲವು ಕಲ್ಲುಗಳ ಪಾಲಿಗೆ ಅದೇ ಕೊನೆಯ ಪ್ರತಿಯಾಗಬಹುದು.

ಆದರೆ ಕಥೆ ಹೇಳುವುದು ಇದಕ್ಕಿಂತ ಕಷ್ಟದ ಕೆಲಸ. ಆತಕೂರಿನ ಕಲ್ಲೇ ಇದಕ್ಕೆ ಸಾಕ್ಷಿ. ಈ ಶಾಸನವನ್ನು ಪ್ರಕಟಿಸಿದ ಜೆ.ಎಫ್. ಫ್ಲೀಟ್, ಬೂತುಗನು ರಾಜಾದಿತ್ಯನನ್ನು ಮೋಸದಿಂದ ಇರಿದು ಕೊಂದನೆಂಬ ಅರ್ಥವನ್ನು ಮೊದಲು ಮಾಡಿದ್ದರು. ಬಳಿಕ ಅದೇ ಮಾತುಗಳಿಗೆ, ಆನೆಯ ಮೇಲಿನ ಅಂಬಾರಿಯನ್ನೇ ರಣರಂಗವಾಗಿಸಿಕೊಂಡು ಕೊಂದನೆಂಬ ಅರ್ಥ ಹೊರಟು, ಹಳೆಯ ಅನುವಾದ ತಿದ್ದುಪಡಿಯಾಯಿತು. ರಾಜಾದಿತ್ಯ ಆನೆಯ ಮೇಲೆಯೇ ಮಡಿದನೆಂದು ಚೋಳರ ತಾಮ್ರಶಾಸನವೂ ಹೇಳುತ್ತದೆ. ಅದರ ಪ್ರಕಾರ ಆತನನ್ನು ಕೊಂದದ್ದು ಮಾತ್ರ ಕೃಷ್ಣನ ಬಾಣಗಳು. ಒಂದೆರಡು ಪದಗಳ ಓದು ಬದಲಾದರೆ ದ್ರೋಹಿ ವೀರನಾಗುತ್ತಾನೆ.

ಈ ಕಥೆಯನ್ನು ಅನಿಮೇಶನ್ ಮಾಡುವವರು ಯಾವ ಅರ್ಥವನ್ನು ಆಯ್ದುಕೊಳ್ಳಬೇಕು? ತೆರೆಯ ಮೇಲೆ ಆನೆ, ಅಂಬಾರಿ, ರಕ್ತ ಎಲ್ಲವೂ ಕಂಡರೆ ನೋಡುಗ ಅದನ್ನೇ ಇತಿಹಾಸವೆಂದು ನಂಬುತ್ತಾನೆ. ಬಣ್ಣದ ಚಿತ್ರಕ್ಕೆ 'ಬಹುಶಃ' ಎನ್ನುವ ಶಕ್ತಿಯಿಲ್ಲ. ಅಕ್ಷರಗಳನ್ನು ದೊಡ್ಡದಾಗಿ ತೋರಿಸಿ, ಓದಿ ಕೇಳಿಸಿ, ಎರಡೂ ಅರ್ಥಗಳನ್ನು ಪಕ್ಕಪಕ್ಕದಲ್ಲಿಟ್ಟು, ತಜ್ಞರು ಯಾವುದನ್ನು ಏಕೆ ಒಪ್ಪಿದರೆಂದು ಹೇಳುವ ಸಾದಾ ತೆರೆಯೇ ಇಲ್ಲಿ ಹೆಚ್ಚು ಪ್ರಯೋಜನಕಾರಿ ಎಂಬುದು ಈ ವರದಿಗಾರನ ಅಭಿಪ್ರಾಯ. ಮಕ್ಕಳಿಗೆ ಮತ್ತು ದೃಷ್ಟಿಹೀನರಿಗೆ ಮುಟ್ಟಿ ನೋಡಲು ತ್ರೀಡಿ ಪ್ರಿಂಟರ್‌ನಿಂದ ಪ್ರತಿಕೃತಿಯೊಂದನ್ನು ತೆಗೆದಿಟ್ಟರಂತೂ ಇನ್ನೂ ಒಳ್ಳೆಯದು. ಮೂಲ ಕಲ್ಲನ್ನು ಮುಟ್ಟುವಂತಿಲ್ಲವಲ್ಲ!

ಇನ್ನೊಂದು ಮಾತು ಫೈಲ್‌ಗಳ ಬಗ್ಗೆ. ಕಲ್ಲು ಒಂದು ಸಾವಿರ ವರ್ಷ ಬಾಳಿದೆ, ಹಾರ್ಡ್ ಡಿಸ್ಕ್ ಹತ್ತು ವರ್ಷ ಬಾಳಿದರೆ ಹೆಚ್ಚು. ಸ್ಕ್ಯಾನ್ ಆದ ಮೂಲ ದತ್ತಾಂಶವನ್ನು ಎರಡು-ಮೂರು ಕಡೆ ಇಡುವುದು, ಕಾಲಕಾಲಕ್ಕೆ ಹೊಸ ಡಿಸ್ಕ್‌ಗೆ ವರ್ಗಾಯಿಸುವುದು, ಗುತ್ತಿಗೆದಾರ ಬದಲಾದರೂ ಅದು ಸಂಗ್ರಹಾಲಯದ ಕೈಯಲ್ಲೇ ಉಳಿಯುವಂತೆ ಕರಾರು ಮಾಡಿಕೊಳ್ಳುವುದು ಉದ್ಘಾಟನೆಯ ಫೋಟೋದಲ್ಲಿ ಕಾಣುವ ಕೆಲಸಗಳಲ್ಲ. ಮಣಲೇರ ಮಾತ್ರ ಕಲ್ಲು ನೆಡಿಸಿದ ದಿನವೇ ಅದನ್ನು ನೋಡಿಕೊಳ್ಳುವವನ ಕರ್ತವ್ಯವನ್ನೂ, ಅದಕ್ಕೆ ಬೇಕಾದ ಭೂಮಿಯನ್ನೂ ಅದರ ಮೇಲೆಯೇ ಬರೆಸಿಬಿಟ್ಟಿದ್ದ.