ಕುಡುಗೋಲಿನಂತೆ ಬಾಗುವ ರಕ್ತಕಣ

ಬಿಳಿಗಿರಿರಂಗನ ಬೆಟ್ಟದಲ್ಲಿಯೂ ಗುಂಡ್ಲುಪೇಟೆಯ ಕಾಡಂಚಿನಲ್ಲಿಯೂ ನೆಲೆಸಿರುವ ಸೋಲಿಗ, ಜೇನುಕುರುಬ ಕುಟುಂಬಗಳಲ್ಲಿ ಕೆಲವಕ್ಕೆ ವಂಶಪಾರಂಪರ್ಯವಾಗಿ ಬಂದ ರಕ್ತರೋಗವೊಂದುಂಟು. ಅದೇ ಕುಡುಗೋಲು ಕಣ ರೋಗ. ನೆರೆಯ ನೀಲಗಿರಿಯ ಗಿರಿಜನರ ರಕ್ತದಲ್ಲಿ ಈ ಲಕ್ಷಣವನ್ನು ಲೆಹ್ಮನ್ ಮತ್ತು ಕಟ್‌ಬುಷ್ ಎಂಬವರು 1952ರಲ್ಲಿ ವರದಿ ಮಾಡಿದರು.

ದುಂಡಗಿರಬೇಕಾದ ಕಣ ಬಾಗುವುದೇಕೆ? ಹೀಮೋಗ್ಲೋಬಿನ್ನಿನ ಬೀಟಾ ಸರಪಣಿಯ 6ನೆಯ ಸ್ಥಾನದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ವ್ಯಾಲೀನ್ ಬಂದಿರುವುದೇ ಕಾರಣ. ಆಮ್ಲಜನಕವನ್ನು ಬಿಟ್ಟುಕೊಟ್ಟೊಡನೆ ಇಂಥ ಅಣುಗಳು ಒಂದಕ್ಕೊಂದು ಅಂಟಿ ನಾರುಗಳಾಗುತ್ತವೆ; ಗಡುಸಾದ ಕಣಗಳು ಸೂಕ್ಷ್ಮ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ತೀವ್ರ ನೋವನ್ನುಂಟುಮಾಡುತ್ತವೆ.

ಗ್ಲುಟಾಮಿಕ್ ಆಮ್ಲಕ್ಕೆ ಋಣವಿದ್ಯುದಂಶವುಂಟು, ವ್ಯಾಲೀನಿಗಿಲ್ಲ. ಆದ್ದರಿಂದ ವಿದ್ಯುತ್ ಕ್ಷೇತ್ರದಲ್ಲಿ ಎರಡು ಬಗೆಯ ಹೀಮೋಗ್ಲೋಬಿನ್‌ಗಳೂ ಬೇರೆ ಬೇರೆ ವೇಗದಿಂದ ಚಲಿಸುತ್ತವೆ. ಪೌಲಿಂಗ್ ಮತ್ತು ಸಂಗಡಿಗರು 1949ರಲ್ಲಿ ತೋರಿಸಿಕೊಟ್ಟ ಈ ವ್ಯತ್ಯಾಸದಿಂದ ಇಂದಿಗೂ ರೋಗವನ್ನು ನಿರ್ಣಯಿಸಬಹುದು.

ವಾಹಕರು ಸಾಮಾನ್ಯವಾಗಿ ಆರೋಗ್ಯವಂತರಾಗಿಯೇ ಕಾಣುತ್ತಾರೆ. ಆದರೆ ತಂದೆತಾಯಿಗಳಿಬ್ಬರೂ ವಾಹಕರಾಗಿದ್ದಲ್ಲಿ ಪ್ರತಿಯೊಂದು ಮಗುವಿಗೂ ರೋಗ ಬರುವ ಸಂಭವ 4ರಲ್ಲಿ 1. ಇದನ್ನು ವಿವಾಹಕ್ಕೆ ಮೊದಲೇ ತಿಳಿಸಬಲ್ಲುದು ರಕ್ತಪರೀಕ್ಷೆಯೊಂದೇ. 2023ರ ಜುಲೈಯಲ್ಲಿ ಆರಂಭವಾದ ರಾಷ್ಟ್ರೀಯ ಅಭಿಯಾನದ ಹುರುಳೂ ಇದೇ.

ಹೈಡ್ರಾಕ್ಸಿಯೂರಿಯಾ ಎಂಬ ಔಷಧಿಯು ಭ್ರೂಣಾವಸ್ಥೆಯ ಹೀಮೋಗ್ಲೋಬಿನ್ನನ್ನು ಹೆಚ್ಚಿಸಿ ನೋವಿನ ಹೊಡೆತಗಳನ್ನು ತಗ್ಗಿಸುತ್ತದೆ. ವಂಶವಾಹಿಯನ್ನೇ ತಿದ್ದುವ ಚಿಕಿತ್ಸೆಗೆ 2023ರಲ್ಲಿ ಬ್ರಿಟನ್, ಅಮೆರಿಕಗಳು ಒಪ್ಪಿಗೆಯಿತ್ತವು. ಅಮೆರಿಕದಲ್ಲಿ ಅದರ ಬೆಲೆ 20 ಲಕ್ಷ ಡಾಲರಿಗೂ ಮಿಗಿಲು. ಆ ವಿದ್ಯೆ ನಮ್ಮ ಪೋಡುಗಳನ್ನು ಮುಟ್ಟುವವರೆಗೆ ಅಲ್ಲಿನ ಮಗುವನ್ನು ಕಾಪಾಡಬೇಕಾದುವು ಸಕಾಲದ ರಕ್ತಪರೀಕ್ಷೆ ಮತ್ತು ತಪ್ಪದೆ ದೊರೆಯುವ ಔಷಧಿ.